ಬೆಲ್ಲದ ಬೆರಳು

ನಮ್ಮ ಅಕ್ಕನಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ — ಗೊತ್ತಿದ್ದೂ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಪದ್ಮಾವತಿ. ಮೂಡಲಗಿಯ ನಮ್ಮ ಮನೆಯ ಅಡುಗೆಮನೆ ಅವರದು. ಗೋಕಾಕದ ಕಾಲೇಜಿನಲ್ಲಿ ನಾನು ಓದಿದ ರಸಾಯನಶಾಸ್ತ್ರ ಆ ಒಲೆಯ ಮುಂದೆ ಮೆಣಸಿನಕಾಯಿಯ ತೊಟ್ಟು ಬಿಡಿಸುವುದಕ್ಕಷ್ಟೇ ಸಾಕಾಗುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ಭಾವನವರು ಬೆಳಗಾವಿಯಿಂದ ರಕ್ತದ ಸಕ್ಕರೆ ನೋಡುವ ಪುಟ್ಟ ಯಂತ್ರ ತಂದರು. ಕರದಂಟಿಗೆ ಬೆಲ್ಲದ ಪಾಕ ಹಿಡಿಯುತ್ತಿದ್ದ ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಬೆರಳು ಚಾಚಿದರು. ಭಾವ ಚುಚ್ಚಿದರು. ಅಂಕಿ ನೋಡಿ ಅವರ ಮೀಸೆಯೇ ಇಳಿದುಹೋಯಿತು.

ಯಂತ್ರಕ್ಕೆ ಸಿಕ್ಕಿಸಿ ರಕ್ತದ ಹನಿ ಮುಟ್ಟಿಸುವ ಪಟ್ಟಿಯ ತುದಿಯಲ್ಲೊಂದು ಕಿಣ್ವ ಇರುತ್ತದೆ. ಅದು ಸಕ್ಕರೆಯನ್ನು ಉತ್ಕರ್ಷಿಸಿ ಎಲೆಕ್ಟ್ರಾನು ಕಿತ್ತುಕೊಳ್ಳುತ್ತದೆ; ಯಂತ್ರ ಅದನ್ನು ಅಳೆದು ಅಂಕಿ ತೋರಿಸುತ್ತದೆ. ಸಕ್ಕರೆ ರಕ್ತದ್ದೋ ಬೆರಳಿಗಂಟಿದ ಬೆಲ್ಲದ್ದೋ, ಅದಕ್ಕೆ ತಿಳಿಯದು. ನನಗೆ ತಿಳಿಯುತ್ತಿತ್ತು. ಕೈ ತೊಳೆದು ಇನ್ನೊಮ್ಮೆ ನೋಡಿ ಎನ್ನಲು ಬಾಯಿ ತೆರೆದೆ — ಅಷ್ಟರಲ್ಲಿ ಅತ್ತೆ, "ಇನ್ನ ಪಾಕದ ಮುಂದ ಪದ್ಮಾ ಬ್ಯಾಡ. ಸಣ್ಣಾಕಿ ಕುಂದರ್ಲಿ," ಎಂದರು.

ಸಣ್ಣಾಕಿ ಎಂದರೆ ನಾನು. ತೆರೆದ ಬಾಯಿ ಹಾಗೆಯೇ ಮುಚ್ಚಿತು. ನಾಳೆ ಹೇಳಿದರಾಯಿತು ಎಂದುಕೊಂಡೆ, ನಾಳೆ —

"ಗುಳಿಗಿ ಬ್ಯಾಡ, ದವಾಖಾನಿ ಬ್ಯಾಡ. ನಾನ ಬಾಯಿ ಕಟ್ಟತೇನಿ," ಎಂದ ಅಕ್ಕ ಆ ಯಂತ್ರಕ್ಕೂ ಮತ್ತೆ ಬೆರಳು ಕೊಡದೆ, ಮರುದಿನದಿಂದ ಹಾಗಲಕಾಯಿ ರಸ ಕುಡಿದು ಕಾಲುವೆಯವರೆಗೆ ನಡೆಯತೊಡಗಿದರು. ಆ ನಡಿಗೆಯ ಬಿರುಸಿಗೆ ಎದುರು ಬಂದ ಎಮ್ಮೆಗಳು ದಾರಿ ಬಿಡುತ್ತಿದ್ದವು. ಕೆಲವು ತಿಂಗಳ ಮೇಲೆ ಘಟಪ್ರಭಾದ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, "ಪಥ್ಯ ಮಾಡೇ ಗೆದ್ದೀರಲ್ರಿ," ಎಂದರು. ಅಲ್ಲಿಂದ ಅಕ್ಕ ಸಕ್ಕರೆ ಕಾಯಿಲೆಯವರಿಗೆಲ್ಲ ಗುರುವಾದರು. ಹುಕ್ಕೇರಿಯಿಂದ ಬೀಗರು ಬಂದರೂ ಚಹಾಕ್ಕೆ ಮೊದಲು ಹಾಗಲರಸ. ಈಗ ನಿಜ ಹೇಳಿದರೆ ಅವರ ಗೆಲುವನ್ನೇ ಕಸಿದಂತೆ — ಹೀಗೊಂದು ನೆಪವೂ ನನಗೆ ಸಿಕ್ಕಿತು.

ಹೀಗೇ ವರ್ಷಗಳು ಕಳೆದ ಮೇಲೆ ಮೇಲವಂಕಿಯ ಪಾರ್ವತೆವ್ವ ಅಕ್ಕನನ್ನು ನಂಬಿ ಗುಳಿಗೆ ಬಿಟ್ಟಳು. ಅವಳದು ಖರೆ ಸಕ್ಕರೆ ಕಾಯಿಲೆ. ಅಂಗಳದಲ್ಲಿ ಬಿದ್ದು ದವಾಖಾನೆ ಸೇರಿದಳು, ಹೇಗೋ ಉಳಿದು ಮನೆಗೆ ಬಂದಳು. ಸುದ್ದಿ ಕೇಳಿ ಅಕ್ಕ, "ರಸಾ ಸೋಸಿ ಕುಡದಿರಬೇಕು, ಅದಕ್ಕ," ಎಂದರು.

ಇನ್ನು ತಡೆಯಲಾಗಲಿಲ್ಲ. "ಅಕ್ಕಾ, ಅವತ್ತ ನಿಮ್ಮ ಬೆರಳಿಗೆ ಬೆಲ್ಲ ಹತ್ತಿತ್ರಿ. ಮಷೀನು ಹಿಡದದ್ದು ಅದನ್ನ. ನನಗ ಅವತ್ತ ಗೊತ್ತಿತ್ತು."

ಅವರು ತಮ್ಮ ಬೆರಳನ್ನೇ ನೋಡಿಕೊಂಡರು. "ಮತ್ತ ಯಾಕ ಹೇಳಲಿಲ್ಲ?"

"ಒಲಿ ನನಗ ಸಿಗತಿತ್ರಿ."

ಅಕ್ಕ ಚಪ್ಪಲಿ ಮೆಟ್ಟಿ ಮೇಲವಂಕಿಯ ಬಸ್ಸು ಹತ್ತಿದರು. ನಾನು ಹಿಂದೆಯೇ ಹೋದೆ. ಪಾರ್ವತೆವ್ವಳ ಹಾಸಿಗೆಯ ಪಕ್ಕ, ಓಣಿಯ ಹೆಂಗಸರೆಲ್ಲ ಕೇಳುವಂತೆ ಹೇಳಿದರು: "ನನಗ ಸಕ್ರೀನ ಇದ್ದಿದ್ದಿಲ್ಲವ್ವಾ. ಇಲ್ಲದ್ದನ್ನ ಗೆದ್ದಾಕಿ ನಾನು. ನೀ ಗುಳಿಗಿ ತಗೋ." ಹೆಂಗಸರು ಮುಖ ಮುಖ ನೋಡಿಕೊಂಡರು, ಒಬ್ಬಳು ಕಿಸಕ್ಕನೆ ನಕ್ಕಳು. ಅಕ್ಕ ನನ್ನ ಹೆಸರು ಎತ್ತಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಅಕ್ಕ ಕೇಳಿದರು: "ಸುಜಾತಾನ ಮದುವಿ ಲಾಡು ಹೆಂಗ ಆಗಿದ್ವು?"

ಸುಜಾತಾ ಅವರ ಒಬ್ಬಳೇ ಮಗಳು; ಅವಳ ಮದುವೆ ಆದದ್ದು ಆ ಪಥ್ಯದ ವರ್ಷಗಳಲ್ಲೇ. ಆ ಲಾಡಿನ ಪಾಕ ಹಿಡಿದವಳು ನಾನು. ಅವರು ಪಂಕ್ತಿಯ ತುಂಬ ಓಡಾಡಿ ಎಲ್ಲರ ಎಲೆಗೂ ಬಡಿಸಿದ್ದರು, ತಾವು ಒಂದು ಕಾಳೂ ಬಾಯಿಗಿಟ್ಟಿರಲಿಲ್ಲ.

"ಪಾಕ ಏರಿತ್ರಿ ಅಕ್ಕಾ. ಗಟ್ಟಿ ಆಗಿದ್ವು."

"ನಾ ಒಲಿ ಮುಂದ ಇದ್ದರ ಹಂಗ ಆಗತಿದ್ದಿಲ್ಲ," ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಹೌದು. ಆಗುತ್ತಿರಲಿಲ್ಲ.