ಟೀವಿಗೆ ಅಡ್ಡ ನಿಂತ ಹೊಂಗೆ ಮರ

ಕಳೆದ ಭಾನುವಾರ ನಮ್ಮ ಅಂಗಳದ ಹೊಂಗೆ ಮರ ಕಡಿಸಿದೆ. ಕಾರಣ ಕೇಳಿದರೆ ನಗುತ್ತೀರಿ. ಟೀವಿ!

ಮಧುಗಿರಿಯ ನಮ್ಮ ಬೀದಿಗೆ ಅದೇ ಮೊದಲ ಟೀವಿ. (ಜಂಬ ಅಂದುಕೊಂಡರೂ ಸರಿಯೇ, ಹೇಳಿಯೇ ತೀರುತ್ತೇನೆ.) ಆದರೆ ತಂದಾಗಿನಿಂದ ಅದರಲ್ಲಿ ಕಂಡದ್ದು ಬರೀ ಚುಕ್ಕಿ. ಜೊತೆಗೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಸದ್ದು. ಸಿನಿಮಾ ನೋಡಲು ಚಾಪೆ ಹಿಡಿದು ಬಂದ ನೆರೆಹೊರೆಯವರು, "ಇದೇನ್ ಸಾರ್, ಒಳಗೆ ಮಳೆ ಉಯ್ತಾ ಐತೆ" ಎಂದು ಎದ್ದು ಹೋಗುತ್ತಿದ್ದರು. ಮಾನ ಉಳಿಯುತ್ತದೆಯೇ?

ಸಿರಾದಿಂದ ಆಂಟೆನಾ ಮೆಕ್ಯಾನಿಕ್ ಬಾಷಾನನ್ನು ಕರೆಸಿದೆ. ಮಾಳಿಗೆ ಹತ್ತಿದ, ಕಂಬ ತಿರುಗಿಸಿದ, ಇಳಿದ. ಮರ ತೋರಿಸಿದ.

"ದೇಖೋ ಸಾರ್, ಬೆಂಗಳೂರಿಂದ ಸಿಗ್ನಲ್ ಬರೋ ದಾರೀಲಿ ಇದು ನಿಂತೈತೆ. ತೆಗುಸ್ಬುಡಿ. ಪಿಕ್ಚರ್ ಕನ್ನಡಿ ಮಾಫಿಕ್ ಬತ್ತದೆ."

ಆ ಮರದಡಿಯೇ ನನ್ನ ಹೆಂಡತಿ ಜಯಮ್ಮನ ಹೊಲಿಗೆ ಮಿಷಿನ್ನು. ನಮ್ಮದು ಕಲ್ಲುಚಪ್ಪಡಿಯ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತಂತೆ. ಹೊಂಗೆ ನೆರಳು ತಾಯಿ ಮಡಿಲು ಅಂತಾರಲ್ಲ, ಅವಳಿಗೆ ಅದು ಮಡಿಲೂ ಹೌದು, ಅಂಗಡಿಯೂ ಹೌದು. ಬೀದಿಯ ರವಿಕೆಗಳೆಲ್ಲ ಅಲ್ಲೇ ತಯಾರು, ಬೀದಿಯ ಸುದ್ದಿಯೂ ಅಲ್ಲೇ ತಯಾರು.

"ರೀ, ಆ ಪೆಟ್ಟಿಗೆಗೋಸ್ಕರ ಮರ ಕಡುಸ್ತೀರಾ? ನಾನೆಲ್ಲಿ ಕೂತು ಹೊಲೀಲಿ?"

"ಒಳಗೆ ಫ್ಯಾನ್ ಹಾಕುಸ್ತೀನಿ ಕಣೇ."

"ಕರೆಂಟು ನಿಮ್ಮ ಮಾವ ಕೊಡ್ತಾನಾ?"

(ನನ್ನ ಮಾವ ಎಂದರೆ ಅವಳ ಅಪ್ಪನೇ. ಸಿಟ್ಟಿನಲ್ಲಿ ಅವಳಿಗೆ ಹೊಳೆಯಲಿಲ್ಲ. ನಾನೂ ಹೇಳಲು ಹೋಗಲಿಲ್ಲ.)

ಕಳ್ಳಂಬೆಳ್ಳದಿಂದ ಮರ ಕಡಿಯುವ ಈರಣ್ಣ, ಅವನ ಭಾವಮೈದ ಬಂದರು. ಕೊಡಲಿ, ಗರಗಸ, ಹಗ್ಗ. ಕೂಲಿಯ ಮಾತೇ ಇಲ್ಲ. "ಸೌದೆ ನಮಗೆ ಬುಡಿ ಸಾಮಿ, ಸೊಪ್ಪು ನೀವೇ ಇಟ್ಕಳಿ" ಎಂದ ಈರಣ್ಣ. ಸೊಪ್ಪು ಇಟ್ಟುಕೊಂಡು ನಾನೇನು ಮಾಡಲಿ? ಗೊಬ್ಬರಕ್ಕೆ ಹಾಕಲು ನನಗೇನು ಗದ್ದೆಯಿದೆಯೇ?

"ಇನ್ನೊಂದ್ ಮಾತು ಸಾಮಿ. ಮರ ಉರುಳಿದ್ ಮ್ಯಾಲೆ ನಮ್ಗೂ ಟೀವೀಲಿ ಬೊಂಬೆ ತೋರುಸ್ಬೇಕು."

ಒಪ್ಪಿದೆ. ಮೊದಲು ಕೊಂಬೆ ಸವರಿದರು, ಆಮೇಲೆ ಬುಡಕ್ಕೆ ಕೊಡಲಿ ಹಾಕಿದರು, ಹಗ್ಗ ಬಿಗಿದು ಎಳೆದರು. ಮಧ್ಯಾಹ್ನಕ್ಕೆಲ್ಲ ಅಂಗಳದಲ್ಲಿ ರಣಬಿಸಿಲು. ಜಯಮ್ಮ ಮಿಷಿನ್ನನ್ನು ಎಳೆದು ಹಜಾರಕ್ಕೆ ತರುತ್ತಿದ್ದಳು. ಕೈ ಹಾಕಲು ಹೋದೆ. "ಬೇಡ ಬಿಡಿ" ಎಂದಳು. ಆದರೂ ಆಸೆ ನೋಡಿ, ಕಣ್ಣು ಮಾತ್ರ ಟೀವಿಯ ಮೇಲೆ!

ಸಂಜೆ ಬಾಷಾ ಮಾಳಿಗೆಯ ಮೇಲೆ, ಬೀದಿಯೆಲ್ಲ ಹಜಾರದಲ್ಲಿ, ಈರಣ್ಣ ಮುಂದಿನ ಸಾಲಿನಲ್ಲಿ.

"ಬಂತಾ ಸಾರ್?"

"ಇಲ್ಲ!"

"ಈಗ?"

"ಇಲ್ಲ ಕಣಯ್ಯಾ!"

ಅದೇ ಚುಕ್ಕಿ. ಅದೇ ಸಾಸಿವೆ.

ಬಾಷಾ ಕಂಬ ಬಿಟ್ಟು ಅಂಗಳದಾಚೆ ಕೈ ತೋರಿಸಿದ. "ಸಾರ್, ಬೆಟ್ಟ ಅಡ್ಡ ಐತೆ" ಎಂದ.

ಮಧುಗಿರಿಯವರಿಗೆ ಬೆಟ್ಟ ಹೊಸದೇ? ಹುಟ್ಟಿದಾಗಿನಿಂದ ನೋಡುತ್ತಿದ್ದೇವೆ. ಆದರೆ ನಮ್ಮ ಅಂಗಳಕ್ಕೆ ಅದು ಕಾಣುತ್ತಿರಲಿಲ್ಲ, ಮರ ಮರೆ ಮಾಡಿತ್ತು. ಈಗ ನೋಡಿದರೆ ಬುಡದಿಂದ ನೆತ್ತಿಯವರೆಗೆ ಒಂದೇ ಬಂಡೆ, ಬೆಂಗಳೂರಿಗೆ ಅಡ್ಡಲಾಗಿ ಆರಾಮವಾಗಿ ಕೂತಿದೆ.

"ಬೊಂಬೆ ಬರಾಕಿಲ್ವಾ?" ಎಂದು ಈರಣ್ಣ ಟವೆಲ್ ಕೊಡವಿ ಎದ್ದ.

"ಹೋಗ್ಬೇಡ ಇರಪ್ಪ ಈರಣ್ಣ" ಎಂದಳು ಜಯಮ್ಮ. "ಯಜಮಾನ್ರು ಬೆಟ್ಟಾನೂ ಕಡುಸ್ತಾರೆ."

ಬೀದಿಯೇ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ? ನಗದೆ ಇದ್ದವಳು ಅವಳೊಬ್ಬಳೇ.

ನಮ್ಮೆಲ್ಲರ ಕಥೆಯೂ ಇಷ್ಟೇ ಅಲ್ಲವೇ? ಸಾಹೇಬರ ಮೇಲಿನ ಸಿಟ್ಟನ್ನು ಜವಾನನ ಮೇಲೆ ತೀರಿಸಿಕೊಳ್ಳುತ್ತೇವೆ. ಅಡ್ಡ ನಿಂತಿರುವುದು ಬೆಟ್ಟವೇ ಆದರೂ ಕೊಡಲಿ ಬೀಳುವುದು ಕೈಗೆ ಸಿಕ್ಕಿದ್ದರ ಮೇಲೆ.

ಈಗ ಮಿಷಿನ್ನು ಪಕ್ಕದ ಮನೆ ರಂಗಮ್ಮನವರ ಬೇವಿನ ಮರದಡಿಗೆ ಹೋಗಿದೆ. ಅದರ ಹಿಂದೆಯೇ ರವಿಕೆಗಳು, ಸುದ್ದಿಗಳು, ನನ್ನ ಮಧ್ಯಾಹ್ನದ ಕಾಫಿ ಎಲ್ಲವೂ ಹೋದವು. ನಮ್ಮ ಹಜಾರಕ್ಕೆ ಬೆಳಗಾಗುತ್ತಲೇ ಬಿಸಿಲು ನುಗ್ಗುತ್ತದೆ, ನೆಟ್ಟಗೆ ಟೀವಿಯ ಮೇಲೆ. "ಹಾಳಾಗ್ತದೆ ಸಾರ್, ದಪ್ಪ ಬಟ್ಟೇದು ಒಂದು ಕವರ್ ಹೊಲಿಸಿ ಹಾಕಿ" ಎನ್ನುತ್ತಾನೆ ಟೀವಿ ಅಂಗಡಿಯವನು.

ಹೊಲಿಯುವವರು ಗೊತ್ತು. ಹೋಗಿ ಕೇಳುವ ಧೈರ್ಯ ಯಾರಿಗಿದೆ ಸ್ವಾಮಿ?