ಗಡಿಯವರೆಗಿನ ಅರ್ಧ ಉತ್ತರ

ಪಿಯುಸಿ ಎರಡನೆಯ ವರ್ಷದಲ್ಲಿ ನನಗೂ ನನ್ನ ಗೆಳೆಯನಿಗೂ ಸೇರಿ ಇಂಗ್ಲಿಷಿನ ಒಂದೇ ಗೈಡ್ ಇತ್ತು. ಬೆಳಿಗ್ಗೆ ತಮಿಳುನಾಡಿನ ತಾಳವಾಡಿಯಲ್ಲಿ ಬಸ್ಸು ಹೊರಟಾಗಿನಿಂದ ಗಡಿಯ ಚೆಕ್‌ಪೋಸ್ಟಿನವರೆಗೆ ಅದು ನನ್ನ ಕೈಯಲ್ಲಿರುತ್ತಿತ್ತು. ಅಲ್ಲಿಂದ ಚಾಮರಾಜನಗರದವರೆಗೆ ಅವನ ಕೈಯಲ್ಲಿ. ಪ್ರತಿ ಉತ್ತರದ ಮೊದಲರ್ಧವನ್ನು ನಾನು ಬಾಯಿಪಾಠ ಮಾಡುತ್ತಿದ್ದೆ, ಉಳಿದರ್ಧವನ್ನು ಅವನು. ಸಂಜೆ ಹಿಂತಿರುಗುವಾಗ ಅರ್ಧಗಳು ಅದಲುಬದಲಾಗುತ್ತಿದ್ದವು. ಹೀಗೆ ದಿನಕ್ಕೊಂದು ಉತ್ತರ ಇಬ್ಬರಿಗೂ ಪೂರ್ತಿಯಾಗಿ ದಕ್ಕುತ್ತಿತ್ತು.

ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವನು ನಾನೊಬ್ಬನೇ. ಅಪ್ಪ, ಅವ್ವ ಇಬ್ಬರೂ ಬೇರೆಯವರ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದರು. ಕನ್ನಡದಲ್ಲಿ ಕಲಿತವನು ಮುಂದೆಯೂ ಅದರಲ್ಲೇ ಓದಲಿ ಎಂದು ಗಡಿಯಾಚೆ ಕಳುಹಿಸುವಾಗ ಅಪ್ಪ ಒಂದೇ ಷರತ್ತು ಹಾಕಿದ್ದರು: “ನೋಡ್ಲಾ, ಕಾಲೇಜಿಂದ ಒಂದೇ ಒಂದು ದೂರು ಬರ್ಲಿ, ಮಾರ್ನೆ ದಿನ್ದಿಂದ ಒಲಕ್ಕೆ ಬಂದ್ಬುಡು.” ಅಪ್ಪನ ಮಾತು ಬೆದರಿಕೆಯಾಗಿರಲಿಲ್ಲ, ಹೇಳಿದ್ದನ್ನು ಮಾಡುವ ಮನುಷ್ಯ ಅವರು. ಆದ್ದರಿಂದ ನಾನು ಕಾಲೇಜಿನಲ್ಲಿ ಬಹಳ ಎಚ್ಚರದಿಂದ ಉಸಿರಾಡುತ್ತಿದ್ದೆ. ಅಲ್ಲಿ ನಮ್ಮನ್ನು ‘ತಮಿಳ್ನಾಡೋರು’ ಎನ್ನುತ್ತಿದ್ದರು; ಇತ್ತ ತಾಳವಾಡಿಯ ಕಚೇರಿಯಲ್ಲಿ ‘ಕನ್ನಡದವರು’ ಎನ್ನುತ್ತಿದ್ದರು. ಎರಡೂ ಕಡೆ ಯಾರಾದರೂ ನಕ್ಕರೆ ನನ್ನನ್ನು ಕುರಿತೇ ನಗುತ್ತಿದ್ದಾರೆಂದು ನಾನು ತಿಳಿಯುತ್ತಿದ್ದೆ.

ದೀಪಾವಳಿ ಕಳೆದ ವಾರ ಇಂಗ್ಲಿಷ್ ಮೇಡಂ ಮರುದಿನವೇ ಕಿರುಪರೀಕ್ಷೆ ಎಂದರು. ಪಠ್ಯದಲ್ಲಿ ಒಂದು ಕಥೆಯಿತ್ತು. ಒಂದು ಪುಟ್ಟ ಪಟ್ಟಣದಲ್ಲಿ ಮನೆಯಿಂದ ಮನೆಗೆ ಚಾಡಿ ಹೇಳುವ ಹೆಂಗಸು. ಅವಳನ್ನು ಇಡೀ ಪಟ್ಟಣ ಮಾತನಾಡಿಸುವುದನ್ನೇ ಬಿಟ್ಟುಬಿಡುತ್ತದೆ. ಆ ಶಿಕ್ಷೆ ನ್ಯಾಯವೇ ಎಂಬುದು ಪ್ರಶ್ನೆ. ಅಂದು ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಗೈಡ್ ತೆರೆಯುವ ಮಾತಂತೂ ದೂರವೇ ಉಳಿಯಿತು. ಮರುದಿನ ಬೆಳಿಗ್ಗೆ ನನಗೆ ದಕ್ಕಿದ್ದು ಚೆಕ್‌ಪೋಸ್ಟಿನವರೆಗಿನ ಅರ್ಧ ಮಾತ್ರ.

ಪರೀಕ್ಷೆಯಲ್ಲಿ ಮೊದಲ ಪ್ಯಾರಾ ಗೈಡಿನಂತೆಯೇ ಬರೆದೆ. ಅನಂತರ ಬರೆಯಲು ಏನೂ ಇರಲಿಲ್ಲ. ಹಿಂದಿನ ವಾರ ನಮ್ಮ ಕಡೆಯ ಗುಮಟಾಪುರದ ಸಗಣಿ ಹಬ್ಬದಲ್ಲಿ ಕಂಡದ್ದು ನೆನಪಾಯಿತು. ಸಗಣಿ ಎರಚಾಡುವುದಕ್ಕೆ ಮೊದಲು ಅಲ್ಲಿ ಒಬ್ಬನಿಗೆ ಹುಲ್ಲಿನ ಗಡ್ಡಮೀಸೆ ಕಟ್ಟಿ, ಚಾಡಿಕೋರನೆಂದು ಕರೆದು, ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರೆ. ಊರೆಲ್ಲ ಅವನನ್ನು ಬೈದು ನಗುತ್ತದೆ. ಹಬ್ಬ ಮುಗಿದ ಮೇಲೆ ಅವನು ಮೈ ತೊಳೆದುಕೊಂಡು ಎಲ್ಲರ ಜೊತೆ ಊಟಕ್ಕೆ ಕೂರುತ್ತಾನೆ. ನಮ್ಮ ಕಡೆ ಚಾಡಿಗೆ ಕೊಡುವ ಶಿಕ್ಷೆಗೆ ಒಂದು ಕೊನೆಯಿದೆ, ಆ ಪಟ್ಟಣದ ಶಿಕ್ಷೆಗೆ ಕೊನೆಯಿಲ್ಲ, ಆದುದರಿಂದ ಅದು ನ್ಯಾಯವಲ್ಲ ಎಂದು ಇಂಗ್ಲಿಷಿನಲ್ಲಿ ಬರೆದೆ. ನಾನೇ ಕಟ್ಟಿದ ಇಂಗ್ಲಿಷ್ ವಾಕ್ಯಗಳು ಅವೇ ಮೊದಲು. ಗೈಡಿನ ವಾಕ್ಯಗಳ ಪಕ್ಕದಲ್ಲಿ ಬಡವಾಗಿ ಕಾಣಬಾರದೆಂದು ಪ್ರತಿಯೊಂದನ್ನೂ ಎರಡೆರಡು ಬಾರಿ ತಿದ್ದಿದೆ.

ಎರಡು ದಿನಗಳ ಬಳಿಕ ಮೇಡಂ ಮೊದಲು ಗೆಳೆಯನನ್ನು ಸ್ಟಾಫ್ ರೂಮಿಗೆ ಕರೆಸಿದರು. ಹೊರಬಂದವನು ನನ್ನ ಮುಖ ನೋಡದೆ ಹೋದ. ಆಮೇಲೆ ನನ್ನನ್ನು ಕರೆದರು.

“ಎರಡನೇ ಪ್ಯಾರಾ ಯಾವ ಗೈಡಿಂದು?”

“ನಂದೇ ಮೇಡಂ.”

“ಮೊದಲನೇದೂ ನಿಂದೇನಾ?”

ಅವರ ಬೆರಳು ನಾನು ಗೈಡಿನಿಂದ ಬರೆದ ಮೊದಲ ಸಾಲಿನ ಮೇಲಿತ್ತು.

“ಮುಂದಿನ ಸೋಮವಾರ ನಿಮ್ಮ ತಂದೆಯವರನ್ನ ಕರ್ಕೊಂಡು ಬಾ.”

ಮೆಟ್ಟಿಲಿಳಿಯುವಷ್ಟರಲ್ಲಿ ನನ್ನ ಲೆಕ್ಕಾಚಾರ ಮುಗಿದಿತ್ತು. ನಮ್ಮ ಗೈಡಿನ ವಿಷಯ ತಿಳಿದವನು ಅವನೊಬ್ಬನೇ. ಒಳಗೆ ಹೋದವನೂ ಅವನೇ. ಅವನ ಮನೆಯವರಿಗೆ ಸ್ವಂತ ಹೊಲವಿತ್ತು. ಓದು ನಿಂತರೂ ಅವನಿಗೆ ಕೂರಲು ನೆಲವಿತ್ತು. ಅಂದು ಸಂಜೆ ಬಸ್ಸಿನಲ್ಲಿ ಅವನು ಎಂದಿನಂತೆ ಪಕ್ಕದ ಸೀಟನ್ನು ಕೈಯಿಂದ ಒರೆಸಿದ. ನಾನು ಹಿಂದಕ್ಕೆ ಹೋಗಿ ನಿಂತೆ. ಅವನ ಪಕ್ಕ ಏಕೆ ಕೂರಲಿಲ್ಲವೆಂದು ಇತರ ಹುಡುಗರು ಕೇಳಿದಾಗ, “ಕತ್ತೆ ತರಿಸ್ರಲಾ, ಚಾಡಿಕೋರ ಸಿಕ್ಕವ್ನೆ” ಎಂದೆ. ಅವರು ನಕ್ಕರು. ಅಂದಿನಿಂದ ಅವನ ಪಕ್ಕದ ಸೀಟಿನಲ್ಲಿ ಆ ಹುಡುಗರು ಯಾರೂ ಕೂರಲಿಲ್ಲ.

ಅಪ್ಪನಿಗೆ ವಿಷಯ ತಿಳಿಸಿದ್ದು ಭಾನುವಾರ. ಅವರು “ನಾಳೆ ನೋಡ್ಮ. ಇನ್ನೊಂದ್ ಕುಡ್ಲು ಮಾಡಿಸ್ಬೇಕೋ ಬ್ಯಾಡ್ವೋ ಅಂತ ಗೊತ್ತಾಯ್ತದೆ” ಎಂದರು. ಮನೆಯಲ್ಲಿ ಇದ್ದದ್ದು ಎರಡೇ ಕುಡುಗೋಲು. ಮೂರನೆಯದು ಯಾರ ಕೈಗೆಂದು ನನಗೆ ಗೊತ್ತಿತ್ತು.

ಸ್ಟಾಫ್ ರೂಮಿನಲ್ಲಿ ಅಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಮೇಡಂ ನನ್ನ ಉತ್ತರವನ್ನು ಕನ್ನಡದಲ್ಲಿ ಹೇಳತೊಡಗಿದರು. ಹುಲ್ಲಿನ ಗಡ್ಡದ ಮಾತು ಬಂದದ್ದೇ ತಡ, ಅಪ್ಪ ನಡುವೆಯೇ ಬಾಯಿ ಹಾಕಿದರು.

“ಅಯ್ಯೋ ಮೇಡಮ್ನೋರೆ, ಇದ್ಯಾವ್ ಪುಸ್ತಕ್ದಲ್ಲೈತೆ? ಆ ಉಲ್ಲು ಕುಯ್ಕೊಂಡ್ ಬಂದೋನು ನಾನೇಯ. ಗಡ್ಡ ಕೆರಿತದೆ ಕಣಣ್ಣ, ಬಿಚ್ಬುಡು ಅಂತ ಆ ಆಸಾಮಿ ಕತ್ತೆ ಮ್ಯಾಲೇ ಗೋಗರಿತಿದ್ದ. ಇಳುದ್ರೆ ನಿನ್ನೇ ಸಗಣಿ ಗುಡ್ಡೆಗೆ ಆಕ್ತೀನಿ ಅಂದೆ. ಅದ್ನೂ ಬರ್ದವ್ನಾ ಇವ?”

“ಇಲ್ಲ, ಅದನ್ನ ಬರೆದಿಲ್ಲ,” ಎಂದು ಮೇಡಂ ನಕ್ಕರು. ಅವರು ನಕ್ಕದ್ದನ್ನು ನಾನು ಅಂದೇ ಮೊದಲು ಕಂಡದ್ದು. ಆಮೇಲೆ ಅವರು ಎರಡು ಉತ್ತರಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟರು. ನನ್ನದರಲ್ಲಿ ಗೈಡಿನ ಮೊದಲರ್ಧ. ಗೆಳೆಯನದರಲ್ಲಿ ಉಳಿದರ್ಧ, ಅದೂ ‘ಆದ್ದರಿಂದ’ ಎಂಬರ್ಥದ ಪದದಿಂದಲೇ ಆರಂಭ.

“ಒಬ್ಬ ತಲೆ ಬರೆದಿದ್ದಾನೆ, ಇನ್ನೊಬ್ಬ ಬಾಲ. ಇದನ್ನ ನನಗೆ ಯಾರಾದರೂ ಬಂದು ಹೇಳ್ಬೇಕಾ?” ಎಂದರು. “ನಿನ್ನ ಎರಡನೇ ಪ್ಯಾರಾ ಎಲ್ಲಿಂದ ಬಂತು ಅಂತ ಮಾತ್ರ ತಿಳೀಲಿಲ್ಲ. ನಿನ್ನ ಗೆಳೆಯನನ್ನ ಕೇಳಿದೆ. ಅದು ನಿನ್ನದೇ ಬರವಣಿಗೆ, ನಿಮ್ಮ ಕಡೆ ಹಬ್ಬದ್ದು ಅಂತ ಆಣೆ ಇಟ್ಟ. ಗೆಳೆಯನ್ನ ಉಳಿಸೋಕೆ ಹೇಳ್ತಿದ್ದಾನೆ ಅಂದ್ಕೊಂಡೆ, ಅದಕ್ಕೇ ತಂದೆಯವರನ್ನ ಕರೆಸಿದೆ. ನಿನಗೆ ಏನೂ ಹೇಳ್ಬಾರದು ಅಂತಾನೂ ಅವನಿಗೆ ಅಂದಿದ್ದೆ.”

ಮೊದಲ ಪ್ಯಾರಾಕ್ಕೆ ಸೊನ್ನೆ, ಎರಡನೆಯದಕ್ಕೆ ಪೂರ್ಣ ಅಂಕ ಕೊಟ್ಟರು. ಅಪ್ಪ ಎದ್ದು ಕೈಮುಗಿದು, “ಅಂಗಾರೆ ಇವ ನಾಳಿಂದ ಬರಬೌದಾ?” ಎಂದು ಕೇಳಿದರು.

“ಬರಲೇಬೇಕು,” ಎಂದರು ಮೇಡಂ.

ನನಗೆ ಸಂತೋಷವಾಗಬೇಕಿತ್ತು. ಶಿಕ್ಷೆಗೆ ಕೊನೆಯಿರಬೇಕೆಂದು ಬರೆದು ಪೂರ್ಣ ಅಂಕ ಪಡೆದ ಕೈ ನನ್ನದು. ಅದೇ ವಾರ ಒಬ್ಬನನ್ನು ಬಸ್ಸಿನಲ್ಲಿ ಒಂಟಿಯಾಗಿ ಕೂರಿಸಿದ ಬಾಯಿಯೂ ನನ್ನದೇ.

ಸಂಜೆ ಬಸ್ಸಿನಲ್ಲಿ ಅಪ್ಪ ನೇರವಾಗಿ ಹೋಗಿ ಗೆಳೆಯನ ಪಕ್ಕದಲ್ಲೇ ಕೂತರು; ಆ ಸೀಟಿನ ಕಥೆ ಅವರಿಗೆ ಗೊತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನಡೆದದ್ದನ್ನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ಬಳಿಕ ಹಿಂದೆ ತಿರುಗಿ, “ಯಾಕ್ಲಾ ಅಲ್ಲೇ ನಿಂತಿದ್ದಯ್? ಬಾ, ಮೂರ್ ಜನ ಕೂತ್ಕಬೌದು” ಎಂದರು.

“ಬುಡಣ್ಣ, ಚಾಡಿಕೋರನ ಪಕ್ಕ ಕೂತ್ರೆ ಅವ್ನಿಗೆ ಕೆರಿತದೆ,” ಎಂದ ಗೆಳೆಯ. ಹೇಳುತ್ತಲೇ ಚೀಲದಿಂದ ಗೈಡ್ ತೆಗೆದು ಅಪ್ಪನ ಕೈಗಿತ್ತ. ಅಪ್ಪ ಅದನ್ನು ನನಗೆ ದಾಟಿಸಿದರು. ಸಂಜೆಯ ಹೊತ್ತು ಗಡಿಯವರೆಗೆ ನನ್ನ ಸರದಿ.

ಅಂದು ಒಂದು ಸಾಲೂ ಓದಲಾಗಲಿಲ್ಲ. ಗಡಿಯಲ್ಲಿ ಪುಸ್ತಕ ಮರಳಿಸುವಾಗ ಹೇಳಲೆಂದು ಮೂರು ವಾಕ್ಯಗಳನ್ನು ಮನಸ್ಸಿನಲ್ಲಿ ಕಟ್ಟಿದೆ. ಮೂರೂ ವ್ಯಾಕರಣಶುದ್ಧವಾಗಿದ್ದವು, ಮೂರೂ ಬೇರೆ ಯಾರೋ ಬರೆದಂತಿದ್ದವು. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು.

“ತಕಳ್ಲಾ,” ಎಂದೆ. “ನಂದು ತಪ್ಪಾಯ್ತು ಕಣ.”

ಅವನು ತಿರುಗಿ ನೋಡಿದ, ಕೈ ಚಾಚಲಿಲ್ಲ.

“ಮಡಿಕ್ಕೊ,” ಎಂದ. “ಈ ಸಲ ಪೂರ್ತಿ ಓದ್ಲಾ.”