ಎಳೆ ಸೇರಿಸುವವರು ಬರದ ಮನೆ

ಹಿಂದೂಪುರದ ನೇಕಾರರ ಬೀದಿಯಿಂದ ಒಬ್ಬನನ್ನು ಓಡಿಸಿದ್ದಾರೆ ಎಂದು ನಮ್ಮ ಪತ್ರಿಕೆಯ ಕಚೇರಿಗೆ ಫೋನ್ ಬಂದಿತ್ತು. ಹೋಗಿ ನೋಡಿದರೆ ಓಡಿಸಿರಲಿಲ್ಲ. ಅವನು ಅಕ್ಕನ ಮನೆಯಲ್ಲೇ ಇದ್ದ. ಮಗ್ಗ ಮಾತ್ರ ನಿಂತಿತ್ತು.

ಕಲ್ಯಾಣದುರ್ಗದಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ಮಾಡಿ ಜೈಲಿಗೆ ಹೋಗಿದ್ದವನು, ಶಿಕ್ಷೆ ಮುಗಿಸಿ ಬಂದಿದ್ದ. ಹಿಂದೂಪುರಕ್ಕೆ ಬರುವ ಮೊದಲು ನಾನು ಆ ಹೆಣ್ಣುಮಗಳ ತಾಯಿಯನ್ನು ಕಂಡಿದ್ದೆ. ಅವನ ಸಂಗತಿ ತಮಗೆ ಬೇಡ, ತಮ್ಮ ಊರಿನ ಕಡೆ ತಲೆ ಹಾಕದಿದ್ದರೆ ಸಾಕು ಎಂದಷ್ಟೇ ಹೇಳಿ ಬಾಗಿಲು ಮುಂದೆ ಮಾಡಿಕೊಂಡರು.

ಇಲ್ಲಿ ಬೀದಿಯ ಹಿರಿಯರು ಕೂತು, ಇರಲಿ, ಆದರೆ ಅಕ್ಕನನ್ನು ಬಿಟ್ಟು ಬೇರೆ ಹೆಂಗಸು ಆ ಮನೆಯ ಹೊಸ್ತಿಲು ದಾಟಬಾರದು ಎಂದು ಷರತ್ತು ಹಾಕಿದ್ದರು. ಅವನೂ ಒಪ್ಪಿದ್ದ. ಮಗ್ಗಕ್ಕೆ ಏರಿಸಿದ್ದ ಉದ್ದ ಎಳೆಗಳ ಒಂದು ಹಾಸು ನೇಯ್ದು ಮುಗಿಯುವವರೆಗೂ ಎಲ್ಲ ಸರಿಯಿತ್ತು. ಮುಗಿದ ಮೇಲೆ, ಎಳೆಗಳನ್ನು ಹಿಡಿದಿಡುವ ಬಾಚಣಿಗೆಯಂಥ ಹಣಿಗೆಯಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು, ಬೂದಿ ಹಚ್ಚಿದ ಬೆರಳಿನಿಂದ ಒಂದೊಂದಾಗಿ ಹೊಸೆದು ಸೇರಿಸಬೇಕು. ಆ ಬೀದಿಯಲ್ಲಿ ಅದು ಹೆಂಗಸರ ಕೆಲಸ. ಅಕ್ಕನಿಗೆ ಬರುತ್ತಿರಲಿಲ್ಲ. ಷರತ್ತು ಹಾಕುವಾಗ ಇದು ಯಾರ ನೆನಪಿಗೂ ಬಂದಿರಲಿಲ್ಲ.

ಅವನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಚಿಕಿತ್ಸೆಗೆ ಹೋಗುತ್ತಿದ್ದ. ವೈದ್ಯರು ಅವನ ಬಗ್ಗೆ ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ರೋಗಿ ಯಾರೇ ಆಗಲಿ ಆಡುವುದಿಲ್ಲ ಎಂದರು. ಶಿಕ್ಷೆ ಮುಗಿಸಿ ಬಂದವರಿಗೆ ಕೆಲಸ ತಪ್ಪಿದರೆ ಊರು ಬಿಡುತ್ತಾರೆ, ಊರು ಬಿಟ್ಟರೆ ಚಿಕಿತ್ಸೆಯೂ ನಿಲ್ಲುತ್ತದೆ, ಆಮೇಲೆ ಎಲ್ಲಿದ್ದಾರೆಂದು ಯಾರಿಗೂ ತಿಳಿಯುವುದಿಲ್ಲ ಎಂದು ಮಾತ್ರ ಹೇಳಿದರು. ಅವನಾಗಲೇ ಬಟ್ಟೆ ಕಟ್ಟಿಟ್ಟಿದ್ದಾನೆ ಎಂದು ಅಕ್ಕ ಅಳುತ್ತಿದ್ದಳು.

ಹಿರಿಯರು ಮತ್ತೆ ಸೇರಿದಾಗ ನಾನೂ ಅಲ್ಲಿದ್ದೆ. ಷರತ್ತು ಸಡಿಲಿಸಬಾರದು ಎಂದವರೇ ಹೆಚ್ಚು. ಎಳೆ ಸೇರಿಸುವ ಮುದುಕಿಯನ್ನು ಕರೆಸಿದ್ದರು.

"ಗಂಡಸ್ರೆಲ್ಲ ಕೂತ್ಕೊಂಡು ತೀರ್ಮಾನ ಮಾಡ್ಬುಟ್ರಿ. ಎಳೆ ಸೇರ್ಸೋರು ಯಾರು ಅಂತ ಒಬ್ರಾದ್ರೂ ಯೋಚ್ನೆ ಮಾಡಿದ್ರಾ? ನಿಮ್ಮ ಮೀಸೆ ಬಂದು ಸೇರ್ಸ್ತಾವಾ?" ಎಂದಳು.

ಯಾರೋ ನಕ್ಕರು. ಹಿರಿಯರಲ್ಲೊಬ್ಬರು, "ಸರಿ ಬಿಡು, ನೀನೇ ಒಂದು ದಾರಿ ಹೇಳಮ್ಮ" ಎಂದರು.

"ಆ ಮನೆಗೆ ನಾನು ಹೋಗಲ್ಲ ಕಣಪ್ಪ. ನಂಗೂ ಮೊಮ್ಮಕ್ಳವ್ರೆ. ಹಣಿಗೆ ಬಿಚ್ಕೊಂಡು ನಮ್ಮ ಮನೆಗೆ ತರ್ಲಿ. ಅವನಲ್ಲ, ಅವನಕ್ಕ ತರ್ಲಿ."

ಷರತ್ತು ಮುರಿಯದ ದಾರಿ ಎಂದು ಹಿರಿಯರು ಒಪ್ಪಿದರು. ಮರುದಿನ ಬೆಳಿಗ್ಗೆ ಅಕ್ಕ ಹಳೆಯ ಎಳೆಗಳ ಸಮೇತ ಹಣಿಗೆಯನ್ನು ಪಂಚೆಯಲ್ಲಿ ಸುತ್ತಿ, ಹೊಸ ಹಾಸನ್ನು ಕಂಕುಳಲ್ಲಿಟ್ಟು ಬೀದಿಗೆ ಇಳಿದಳು. ಅವನು ಬಾಗಿಲ ತನಕ ಬಂದು ನಿಂತ. ಬೀದಿಯವರು ನೋಡಿದರು.

ಮುದುಕಿ ಜಗಲಿಯ ಮೇಲೆ ಎಳೆಗಳನ್ನು ಹರವಿಕೊಂಡು ಬೂದಿಗೆ ಬೆರಳು ಅದ್ದಿದಳು. ಒಂದಷ್ಟು ಸೇರಿಸಿದ ಮೇಲೆ ತಲೆ ಎತ್ತದೆ ಕೇಳಿದಳು: "ಡಾಕ್ಟರ್ ಹತ್ರ ಹೋಯ್ತಾ ಅವ್ನಾ?"

"ಹೋಯ್ತಾ ಅವ್ನೆ."

"ತಪ್ಪಿಸ್ಬ್ಯಾಡ ಅನ್ನು. ಅವನು ತಪ್ಪಿಸಿದ್ರೆ ನೀನು ಹಣಿಗೆ ತರ್ಬ್ಯಾಡ ಕಣಮ್ಮ."

ಅಕ್ಕ ಹೂಂಗುಟ್ಟಿದಳು. ಮುದುಕಿ ಮುಂದಿನ ಎಳೆ ಹಿಡಿದಳು.